ತೊಟ್ಟಿಯಲ್ಲಿ ಬಾರಿಸಿದ ಡ್ರಮ್ಮು

"ಆ ಹಾಡು ಬೇಡ ಗಂಟಲಣ್ಣ," ಎನ್ನುತ್ತ ಅವಳು ಅವನ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿದಳು. ಸ್ವರ ಅಲ್ಲೇ ನಿಂತುಹೋಯಿತು.

ಕೋಣೆಯ ಆಚೆ ತುದಿಯಲ್ಲಿ, ಶವದ ಪೆಟ್ಟಿಗೆಯೊಳಗೆ ಅವಳ ಗಂಡ ಮಲಗಿದ್ದ. ಹಗಲು ಬಸ್ ಡಿಪೋದಲ್ಲಿ ಬ್ರೇಕು ರಿಪೇರಿ, ಸಂಜೆ ಹೆವಿ ಮೆಟಲ್ ತಂಡದಲ್ಲಿ ಡ್ರಮ್ಮು. ಎರಡೂ ಕಡೆ ಬಡಿದೇ ಬದುಕಿದವನು.

ತಂಡದ ಹಾಡುಗಾರನಿಗೆ ಗಂಟಲು ಎಂದೇ ಹೆಸರು. "ಮತ್ತೆ ಯಾವ್ದಮ್ಮ? ಜನಕ್ಕೆ ಗೊತ್ತಿರೋದೇ ಇದೊಂದು."

"ಮೂರನೇ ಆಲ್ಬಮ್ಮಿಂದು. ಕೊನೇ ಹಾಡು."

ಮೈದುನ ಓಡಿಬಂದು ದನಿ ತಗ್ಗಿಸಿದ. "ಅತ್ತಿಗೆ, ಇವತ್ತಾದ್ರೂ ಅಣ್ಣನ ಮರ್ಯಾದೆ ಉಳೀಲಿ. ಅದನ್ನ ಕೇಳಿದೋರು ಅಟ್ಟದಿಂದ ಪಾತ್ರೆ ಬಿತ್ತಾ ಅಂದಿದ್ರು. ಡಿಪೋದೋರೆಲ್ಲ ಬಂದಿದಾರೆ, ನಕ್ಕುಬಿಟ್ರೆ?"

"ನಗಲಿ ಬಿಡಪ್ಪ. ಬದುಕಿದ್ದಾಗ ಬಿಟ್ಟಿದ್ರಾ?"

*

ಆ ಮೂರನೇ ಆಲ್ಬಮ್ಮಿಗೆ ದೊಡ್ಡ ಶಬ್ದ ಬೇಕೆಂದು ಅವಳ ಗಂಡ ಡ್ರಮ್ಮುಗಳನ್ನು ಡಿಪೋ ಹಿಂದಿನ ಖಾಲಿ ನೀರಿನ ತೊಟ್ಟಿಗೆ ಇಳಿಸಿದ್ದ. ಒಂದು ಪೆಟ್ಟು ಹೊಡೆದರೆ ಗೋಡೆಗೆ ತಾಗಿ ಇನ್ನೊಂದಾಗಿ ವಾಪಸು ಬರುತ್ತಿತ್ತು. ಮೇಲೆ ಕೂತ ತಂಡದವರು ಪ್ರತಿಧ್ವನಿಯನ್ನೇ ಪೆಟ್ಟೆಂದು ನಂಬಿ ಗಿಟಾರು ಮೀಟಿದರು. ಇಡೀ ಆಲ್ಬಮ್ಮಿನ ತಾಳ ಒಂದು ಹೆಜ್ಜೆ ತಡವಾಯಿತು. ಹೊಸ ಚಪ್ಪಲಿ ಕಚ್ಚಿದವನ ನಡಿಗೆ ಎಂದು ಪತ್ರಿಕೆಯವನು ಬರೆದ. ಕುಣಿಯಲು ಮುಗಿಬೀಳುತ್ತಿದ್ದ ಹುಡುಗರು ಆ ಕಡೆ ತಲೆಹಾಕಲಿಲ್ಲ. ಮಾರಾಟವಾಗದ ಕ್ಯಾಸೆಟ್ಟುಗಳು ಮಂಚದಡಿ ಸೇರಿದವು.

ಪತ್ರಿಕೆ ಓದಿ ಅವಳು ಕಣ್ಣೀರು ಹಾಕಿದರೆ, ಅವನು ಕೈಯ ಗ್ರೀಸು ಉಜ್ಜಿ ತೊಳೆಯುತ್ತ ನಿಂತಿದ್ದ.

"ಅವನು ಬರೆದಿದ್ದು ಸುಳ್ಳಲ್ಲ ಕಣೇ, ಕೆಟ್ಟದಾಗೇ ಇದೆ. ಆದ್ರೆ ಮೊದಲೆರಡರಲ್ಲಿ ಒಬ್ಬೊಬ್ಬನೂ ತಾನೇ ಮುಂದೆ ಅಂತ ಓಡ್ತಿದ್ದ. ಇದರಲ್ಲಿ ಒಬ್ಬರಿಗೊಬ್ಬರು ಕಿವಿ ಕೊಟ್ವಿ. ಕಿವಿ ಕೊಟ್ಟೇ ಕೆಟ್ವಿ, ಇರಲಿ. ನಾನು ಹೋದಾಗ ಇದನ್ನೇ ಹಾಕಿಸು."

"ಅಲ್ಲೂ ನಕ್ರೆ?"

"ನಗೋಕಾದ್ರೂ ಬರ್ತಾರಲ್ಲ."

*

"ಸರಿ, ಡ್ರಮ್ಮು ಯಾರು ಬಾರಿಸೋದು?" ಗಂಟಲು ಸೋತ.

"ಅವರೇ. ಕ್ಯಾಸೆಟ್ ಹಾಕಿ, ಅದರ ಜೊತೆ ನೀವು ಹಾಡಿ."

ಹಾಡು ಶುರುವಾಯಿತು. ಧಡ್ ಎಂದಿತು, ಬೆನ್ನಿಗೇ ಇನ್ನೊಂದು ಧಡ್. ಹಿಂದಿನ ಸಾಲಿನಲ್ಲಿ ಒಬ್ಬ ಡ್ರೈವರ್ ಕರವಸ್ತ್ರ ಬಾಯಿಗೊತ್ತಿಕೊಂಡ. ಅವನ ಭುಜ ಕುಲುಕಿತು. ಮೈದುನ ಅತ್ತಿಗೆಯ ಮುಖ ನೋಡಿದ. ಅವಳು ನೆಟ್ಟಗೆ ಕೂತಿದ್ದಳು.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮುಂದೆ ಮೈದುನ, ಉಳಿದ ಕಡೆ ಡಿಪೋದವರು ಹೆಗಲು ಕೊಟ್ಟರು. ನಕ್ಕ ಡ್ರೈವರೂ ಬಂದ. ಹಾಡಿಗೆ ಹೆಜ್ಜೆ ಹಾಕಹೋಗಿ ಒಬ್ಬ ಮೊದಲ ಧಡ್‌ಗೆ ಕಾಲಿಟ್ಟ, ಒಬ್ಬ ಎರಡನೆಯದಕ್ಕೆ; ಪೆಟ್ಟಿಗೆ ವಾಲಿತು.

"ಎರಡನೇದಕ್ಕೆ ಇಡ್ರಪ್ಪ," ಎಂದಳು ಅವಳು ಹಿಂದಿನಿಂದ. "ಅವಸರ ಮಾಡಬೇಡಿ."

ಧಡ್. ಕಾಲುಗಳೆಲ್ಲ ಮೇಲೆದ್ದು ಗಾಳಿಯಲ್ಲಿ ಕಾದವು. ಮತ್ತೆ ಧಡ್, ಅಷ್ಟೂ ಬೂಟುಗಳು ತಡವಾಗಿ, ಒಟ್ಟಿಗೇ, ನೆಲಕ್ಕೆ ಬಿದ್ದವು.