ಫೋಟೋಕ್ಕೆ ಸಿಂಗಾರವಾದ ಹೊಲ

ಗಂಡನಿಗೆ ಬಿಡಿಸಿ ಹೇಳದೆ ಹೋದದ್ದೇ ತಪ್ಪಾಯಿತೆಂದು ಭೀಮಮ್ಮ ಆಮೇಲೆ ಹಣೆ ಹಣೆ ಬಡಿದುಕೊಂಡಳು. ಆದರೆ ಇಂಥದ್ದನ್ನೂ ಬಿಡಿಸಿ ಹೇಳಬೇಕು ಅಂತ ಯಾವ ಹೆಂಡತಿಗೆ ತಾನೇ ಹೊಳೆದೀತು!

ಕೊರೊನಾ ಬಂದ ಆ ಬೇಸಿಗೆಯಲ್ಲಿ ರಾಮಸಮುದ್ರದ ಅವರ ಹೊಲದ ತುಂಬ ಕಲ್ಲಂಗಡಿ. ಲಾಕ್‌ಡೌನ್ ಆಗಿ ಶಹಾಪುರದ ಸಂತೆ ಮುಚ್ಚಿತು. ಹೊಲಕ್ಕೇ ಲಾರಿ ತರುತ್ತೇನೆ ಎಂದಿದ್ದ ವ್ಯಾಪಾರಿ ಫೋನೇ ಎತ್ತಲಿಲ್ಲ. ಹಣ್ಣು ಬಳ್ಳಿಯಲ್ಲೇ ಕೊಳೆಯತೊಡಗಿತು. ಅದು ಸಾಲದೆಂಬಂತೆ ಬಾವಿಯ ಮೋಟರು ಬೇರೆ ಸುಟ್ಟುಹೋಯಿತು. ಅದು ರಿಪೇರಿಯಾಗದಿದ್ದರೆ ಮುಂದಿನ ಬೆಳೆಯ ಮಾತೇ ಇಲ್ಲ. ಅಷ್ಟರಲ್ಲಿ, ಮಾರಲಾಗದೆ ಹಾಳಾದ ಬೆಳೆಗೆ ಸರಕಾರ ಪರಿಹಾರ ಕೊಡುತ್ತದಂತೆ ಎಂಬ ಸುದ್ದಿ ಬಂತು. ಭೀಮಮ್ಮನಿಗೆ ಹೋದ ಜೀವ ಬಂದಂತಾಯಿತು.

ಪರಿಹಾರಕ್ಕೆ ಹೊಲದ ಫೋಟೋ ಬೇಕು. ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡುವ ಮುನಾವರ ಇವತ್ತು ಬಂದೆ, ನಾಳೆ ಬಂದೆ ಎನ್ನುತ್ತ ಸತಾಯಿಸಿಬಿಟ್ಟ. ಅವನ ಮನೆಗೆ ಎಡತಾಕಿ ಎಡತಾಕಿ ಭೀಮಮ್ಮನ ಚಪ್ಪಲಿ ಸವೆದವು. ಕೊನೆಗೂ ಅವನು ಬರುವ ದಿನ ನಿಗದಿಯಾಯಿತು. ಅವಳು ಗಂಡ ಹಣಮಂತ್ರಾಯನಿಗೆ, ಮುಂಜಾನೆ ಫೋಟೋ ತೆಗೆಯಲು ಬರುತ್ತಾರೆ, ಹೊಲ ನಿಮ್ಮ ಹೆಸರಲ್ಲಿದೆ, ನೀವು ಅಲ್ಲೇ ಇರಬೇಕು ಎಂದಷ್ಟೇ ಹೇಳಿ, ಬೆಳಕು ಹರಿಯುತ್ತಲೇ ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು ಹೋದಳು.

ಫೋಟೋ ಅಂದ ಕೂಡಲೇ ಆ ಮಹಾರಾಯನ ತಲೆ ಎತ್ತ ಓಡಿತೋ! ಪ್ರತಿ ಬೇಸಿಗೆಯಲ್ಲೂ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬುವ ತಮ್ಮ ಮರಿಲಿಂಗನನ್ನು ಹಿಂಡಿನ ಸಮೇತ ಕರೆಸಿದ. ಕುರಿಗಳು ಕೊಳೆತ ಹಣ್ಣು, ಬಳ್ಳಿ, ಸಿಪ್ಪೆ ಎಲ್ಲವನ್ನೂ ತಿಂದು ಹೊಲವನ್ನು ಅಂಗಳದ ಹಾಗೆ ಮಾಡಿದವು. ಉಳಿದ ಗಟ್ಟಿ ಹಣ್ಣುಗಳನ್ನು ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬದುವಿನ ಮೇಲೆ ರಾಶಿ ಹಾಕಿದ. ಹಬ್ಬದ ರುಮಾಲು ಸುತ್ತಿಕೊಂಡು ರಾಶಿಯ ಪಕ್ಕ ನಿಂತ.

ಭೀಮಮ್ಮ ಅಕ್ಕಿ ಹೊತ್ತು ಬರುವಷ್ಟರಲ್ಲಿ ಮುನಾವರ ಫೋಟೋ ತೆಗೆದು ಕಳಿಸಿಯೂ ಆಗಿತ್ತು. ಗಂಡ ಕೊಯ್ದುಕೊಟ್ಟ ಹಣ್ಣಿನ ಹೋಳನ್ನು ತಿನ್ನುತ್ತ ಅವನು ಬದುವಿನ ಮೇಲೆ ಕುಳಿತಿದ್ದ.

"ಕಾಕಿ, ನಷ್ಟ ಆಗಿದ್ದು ಕಾಣವಲ್ದಲ್ಲ. ಕಟಾವ್ ಆಗ್ಯಾದ ಅಂತ ಹಾಕೇನಿ. ಕಂಡದ್ದನ್ನs ಹಾಕ್ಬೇಕು ನಾನು," ಎಂದ ಮುನಾವರ.

ಅವಳು ಅಕ್ಕಿಯ ಚೀಲವನ್ನು ಧಡಕ್ಕನೆ ಇಳಿಸಿದಳು. ನಷ್ಟವೆಲ್ಲ ಆ ಕುರಿಗಳ ಹೊಟ್ಟೆಯಲ್ಲಿದೆ, ಅವುಗಳ ಫೋಟೋ ತೆಗೆ ಎಂದಳು. ಹಾಕಿದ್ದನ್ನು ಅಳಿಸು ಎಂದು ಜಗಳಾಡಿದಳು, ಕೈಮುಗಿದಳು. ಒಮ್ಮೆ ಹೋದದ್ದು ತಿರುಗಿ ತನ್ನ ಕೈಗೆ ಬರುವುದಿಲ್ಲ ಎಂದ ಮುನಾವರ. ಪಕ್ಕದ ರಾಮಣ್ಣನ ಹೊಲ ಮೂಗು ಮುಚ್ಚಿಕೊಂಡು ದಾಟುವಷ್ಟು ನಾರುತ್ತಿತ್ತು. ಅವನಿಗೆ ಪರಿಹಾರ ಗ್ಯಾರಂಟಿಯಂತೆ. ಹಾಗೆಂದು ಬಾಯಿ ಒರೆಸಿಕೊಂಡು ಮುನಾವರ ಗಾಡಿ ಹತ್ತಿದ.

ಹಣಮಂತ್ರಾಯನ ಮೋರೆ ಸಣ್ಣದಾಗಿತ್ತು. ಬಯ್ಯಬೇಕೆಂದು ಬಾಯಿ ತೆರೆದವಳಿಗೆ, ನೀಟಾಗಿ ಸುತ್ತಿದ ಆ ರುಮಾಲು ನೋಡಿ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಸರಕಾರದೋರು ನೋಡೂ ಫೋಟೋ ಅಂದಿ," ಎಂದ ಅವನು ಮೆಲ್ಲಗೆ. "ಕೊಳ್ತ ಬೆಳಿ ಮುಂದ ಹೆಂಗ ನಿಂದರ್ಲಿ? ನಮ್ಮ ಹೊಲ ಚಲೋ ಕಾಣ್ಲಿ ಅಂತ ಮಾಡಿದ್ನಿ."

"ಚಲೋ ಕಾಣ್ತುರಿ," ಎಂದಳು ಭೀಮಮ್ಮ. "ಭಾಳ ಚಲೋ ಕಾಣ್ತು. ಅದಕ್ಕs ನಮಗೇನೂ ಬರಂಗಿಲ್ಲ."