ಚಾಪೆಯ ಕೆಳಗಿನ ಎಲೆಗಳು

1941ರ ಬೇಸಿಗೆ. ಸುಗಟೂರಿನ ಪಕ್ಕದ ಹಳ್ಳಿಯ ಪಟೇಲ ವೆಂಕಟರಾಯಪ್ಪನವರ ಮಗ ಕದಿರೇಶ ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಆನರ್ಸ್ ಓದುತ್ತಿದ್ದ. ಕೊನೆಯ ವರ್ಷದ ಪ್ರಬಂಧಕ್ಕೆ ತನ್ನೂರಿನ ನ್ಯಾಯ ಪಂಚಾಯಿತಿಯನ್ನೇ ಆರಿಸಿಕೊಂಡಿದ್ದ. ಎಂಟು ವರ್ಷದಲ್ಲಿ ಅಪ್ಪನ ಜಗಲಿಯ ಮೇಲೆ ನಡೆದ ಹದಿನಾಲ್ಕು ನ್ಯಾಯಗಳೂ ಒಮ್ಮತದಿಂದ ತೀರ್ಮಾನವಾದವು ಎಂದು ನಲವತ್ತು ಪುಟ ಬರೆದು ಕಳಿಸಿದ್ದ. ಮೇಷ್ಟ್ರು ಅದನ್ನು ಹಾಗೇ ಹಿಂದಕ್ಕೆ ಕಳಿಸಿದರು. ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಎರಡು ಸಾಲು: "ಒಪ್ಪದವರು ಯಾರೂ ಇರಲಿಲ್ಲವೆಂದು ನಿಮಗೆ ಹೇಗೆ ಗೊತ್ತು? ಇದಕ್ಕೆ ಉತ್ತರವಿಲ್ಲದೆ ಪ್ರಬಂಧ ನಿಲ್ಲುವುದಿಲ್ಲ." ಇಪ್ಪತ್ತು ದಿನ ಗಡುವು. ತಪ್ಪಿದರೆ ಒಂದು ವರ್ಷ ಹೋದಂತೆಯೇ.

ರಜೆಗೆ ಊರಿಗೆ ಬಂದಿದ್ದ ಕದಿರೇಶ ಮತ್ತೆ ಮೊದಲಿನಿಂದ ಶುರು ಮಾಡಿದ. ಬೆಳಗ್ಗೆ ಜಗಲಿಯ ಮೇಲೆ ಚಾಪೆ ಹಾಸಿ, ಊರಿನವರನ್ನು ಒಬ್ಬೊಬ್ಬರಾಗಿ ಕರೆಸಿ, ಮರ್ಯಾದೆಗೆ ಎಲೆ ಅಡಿಕೆ ಕೊಟ್ಟು, ಅವರು ಮೆಲ್ಲುತ್ತಿರುವಾಗ ಪುಸ್ತಕ ಬಿಚ್ಚಿ ಕೇಳುತ್ತಿದ್ದ. ಒಳಗೆ ರಾಗಿ ಬೀಸುತ್ತಿದ್ದ ಅವನ ತಾಯಿ ರಾಮಲಕ್ಷ್ಮಮ್ಮ ಆಗಾಗ ಕಲ್ಲು ನಿಲ್ಲಿಸಿ ಕಿವಿಗೊಡುತ್ತಿದ್ದಳು.

"ಕೆರೆ ನೀರಿನ ನ್ಯಾಯಕ್ಕೆ ನೀವು ಒಪ್ಪಿದ್ರಾ?"

"ಒಪ್ದೆ ಏನಪ್ಪ? ಪಟೇಲಪ್ಪ ಹೇಳಿದ್ಮೇಲೆ ಮುಗೀತು."

ಮುಂದಿನವನೂ ಅದನ್ನೇ ಹೇಳಿದ. ಅವನ ಮುಂದಿನವನೂ. ಐದು ದಿನ ಕಳೆದ ಮೇಲೆ ಕದಿರೇಶ ಒಳಗೆ ಬಂದು ಬೀಸುವ ಕಲ್ಲಿನ ಪಕ್ಕದಲ್ಲಿ ಕುಕ್ಕರಿಸಿದ.

"ಎಲ್ರೂ ಒಂದೇ ಪಾಠ ಒಪ್ಪಿಸ್ತಾರೆ ಕಣಮ್ಮ."

"ಮೊದ್ಲೇ ಎಲೆ ಕೊಟ್ಟು ಕೂರಿಸ್ತೀಯ. ಇನ್ನೇನಂತಾರೆ?"

"ಬಂದೋರಿಗೆ ಎಲೆ ಕೊಡ್ದೆ ಇರಕ್ಕಾಯ್ತದಾ?"

"ಪಟೇಲರ ಮಗನಾಗಿ ಹುಟ್ಟಿ ಇದು ಗೊತ್ತಿಲ್ವೇನ್ರಾ? ಈ ಜಗಲೀಲಿ ಎಲೆ ಮೆದ್ರೆ ಒಪ್ಪಿದಂಗೆ. ಮೆದ್ದ ಬಾಯಲ್ಲಿ ಇಲ್ಲ ಅನ್ನಂಗಿಲ್ಲ."

"ಅಂಗಾದ್ರೆ ಒಪ್ದೇ ಇರೋರು?"

"ನ್ಯಾಯದ ದಿನ ತಟ್ಟೆಯಿಂದ ಎಲೆ ತಗೋತಾರೆ. ಪಟೇಲರ ಮನೆ ತಟ್ಟೆ, ಬೇಡ ಅನ್ನಕ್ಕಾಯ್ತದಾ? ಬಾಯಿಗೆ ಮಾತ್ರ ಹಾಕ್ಕೊಳಲ್ಲ. ಚಾಪೆ ಕೆಳಗೆ ತೂರಿಸಿ ಎದ್ದು ಹೋಗ್ತಾರೆ."

ನ್ಯಾಯ ಮುಗಿದೊಡನೆ ಪಟೇಲರು ಮಗನನ್ನು ಕರೆದುಕೊಂಡು ಊಟಕ್ಕೆ ಏಳುತ್ತಿದ್ದರು. ಆಮೇಲೆ ಚಾಪೆ ಸುತ್ತಿ ಜಗಲಿ ಗುಡಿಸುತ್ತಿದ್ದವಳು ರಾಮಲಕ್ಷ್ಮಮ್ಮ. ಇಪ್ಪತ್ತೆರಡು ವರ್ಷದಿಂದ ಆ ಎಲೆಗಳನ್ನು ಎತ್ತಿ ಹಿತ್ತಲಿನ ತಿಪ್ಪೆಗೆ ಹಾಕಿದ್ದಳು. ಯಾರು ಎಲ್ಲಿ ಕೂರುತ್ತಾರೆಂಬುದು ಗೊತ್ತಿದ್ದರಿಂದ ಎಲೆ ಯಾರದೆಂದೂ ಗೊತ್ತಾಗುತ್ತಿತ್ತು. ಗಂಡನಿಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಿದರೆ ಮಾರನೆಯ ದಿನ ಯಾರ ಮನೆ ಬಾಗಿಲಲ್ಲಿ ಏನು ರಂಪವೋ ಎಂದು ಸುಮ್ಮನಿದ್ದಳು.

"ಕೆರೆ ನೀರಿನ ದಿನ ಎಷ್ಟಿದ್ವು?" ಕದಿರೇಶ ಪೆನ್ಸಿಲ್ ತೆಗೆದ.

"ಏಳು."

ಅದು ಮೂರು ವರ್ಷದ ಹಿಂದಿನ ಮಾತು. ಕೆರೆಯಲ್ಲಿ ನೀರು ಕಡಿಮೆಯಿತ್ತು. ತೂಬಿನ ಹತ್ತಿರದ ಗದ್ದೆಗಳಿಗೆ ಮೊದಲು ಹರಿಯಲಿ, ಉಳಿದರೆ ಕಡೆಯವಕ್ಕೆ ಎಂದು ತೀರ್ಮಾನವಾಗಿತ್ತು. ಪಟೇಲರ ಗದ್ದೆ ತೂಬಿಗೆ ಅಂಟಿಕೊಂಡೇ ಇತ್ತು.

ಏಳು ಹೆಸರೂ ಕೇಳಿಕೊಂಡ ಕದಿರೇಶ ಪುಸ್ತಕ ಮುಚ್ಚಿದ. "ಇದು ಒಂದು ಸಾಕ್ಷಿ ಆಯ್ತಮ್ಮ. ಇನ್ನೊಂದು ಬೇಕು."

"ಹೆತ್ತವಳ ಮಾತು ಸಾಲ್ದೇನ್ರಾ ನಿನ್ನ ಕಾಲೇಜಿಗೆ?"

"ಸಾಲ್ದು."

"ಒಳ್ಳೇ ಕಾಲೇಜು ಬಿಡು," ಎಂದು ಅವಳು ಮತ್ತೆ ಕಲ್ಲು ತಿರುಗಿಸಿದಳು.

ಮಾರನೆಯ ದಿನ ಅವನು ಪುಸ್ತಕವಿಲ್ಲದೆ, ಎಲೆ ಅಡಿಕೆಯಿಲ್ಲದೆ ತೂಬಿನ ಹತ್ತಿರ ಹೋದ. ಕೆರೆಯ ನೀರು ಬಿಡುವ ಎಲ್ಲಪ್ಪ ಅಲ್ಲಿ ಕಾಲುವೆಯ ಹೂಳು ಎತ್ತುತ್ತಿದ್ದ. ಕದಿರೇಶನೂ ಒಂದು ಗುದ್ದಲಿ ಹಿಡಿದ. ಮಧ್ಯಾಹ್ನ ಮೊಣಕಾಲಿನವರೆಗೆ ಕೆಸರಾಗಿ, ನಗುತ್ತ ಬಂದ.

"ಏಳಲ್ಲಮ್ಮ, ಆರು. ಎಲ್ಲಪ್ಪನ ಅಪ್ಪ ಒಪ್ಪಿದ್ನಂತೆ. ಬಾಯಲ್ಲಿ ಒಂದು ಹಲ್ಲಿಲ್ಲ, ಎಲೆ ಎಲ್ಲಿಂದ ಅಗೀಲಿ ಅಂತ ಇಟ್ಟು ಬಂದ್ನಂತೆ."

ರಾಮಲಕ್ಷ್ಮಮ್ಮನಿಗೂ ನಗು ಬಂತು. ಆಮೇಲೆ ಸ್ವಲ್ಪ ಸಂಕಟವೂ ಆಯಿತು. ಆ ಮುದುಕ ತಮಗೆ ಆಗದವನೆಂದುಕೊಂಡು ಮೂರು ವರ್ಷದಿಂದ ಹಬ್ಬಕ್ಕೆ ಅವನ ಮನೆಗೆ ಕಳಿಸುವ ಒಬ್ಬಟ್ಟಿನಲ್ಲಿ ಒಂದು ಕಡಿಮೆ ಇಡುತ್ತಿದ್ದಳು.

ಹೀಗೆ ಅವಳು ಹೇಳಿದ್ದನ್ನು ಹೊಲದಲ್ಲಿ, ಕಣದಲ್ಲಿ ವಿಚಾರಿಸಿ, ತಪ್ಪಿದ್ದನ್ನು ಹೊಡೆದು ಹಾಕಿ, ಹದಿನಾಲ್ಕರಲ್ಲಿ ಐದು ನ್ಯಾಯಗಳು ಒಮ್ಮತದವಲ್ಲ ಎಂದು ಕದಿರೇಶ ಹೊಸದಾಗಿ ಬರೆದ. ಗಡುವಿಗೆ ನಾಲ್ಕು ದಿನ ಉಳಿದಿತ್ತು.

"ಒಪ್ಪದವರ ಹೆಸರು ಬರೆಯಲ್ಲ, ಮಾತು ಕೊಟ್ಟಿದೀನಿ," ಎಂದ ತಾಯಿಗೆ. "ಆದ್ರೆ ಎಲೆ ಕಂಡವರು ಯಾರು ಅಂತ ಹಾಕ್ಲೇಬೇಕು. ಇಲ್ಲದಿದ್ರೆ ಕಟ್ಟಿದ ಕತೆ ಅಂತಾರೆ. ನಿನ್ನ ಹೆಸರು ಬರೀಲಾ?"

ಅವಳು ಬೀಸುವ ಕಲ್ಲಿಗೆ ಇನ್ನೊಂದು ಹಿಡಿ ರಾಗಿ ಹಾಕಿದಳು.

"ಇಂಗ್ಲಿಷಲ್ಲಿರ್ತದೆ. ಅಪ್ಪನಿಗೆ ಗೊತ್ತಾಗಲ್ಲ."

"ಮೈಸೂರಿನೋರಿಗೆ ಗೊತ್ತಾಗಿದ್ದು ಮನೆ ಯಜಮಾನರಿಗೆ ಗೊತ್ತಾಗಬಾರ್ದಾ?" ಎಂದಳು. "ಒಂದು ದಿನ ತಡಿ. ನಾನೇ ಹೇಳ್ತೀನಿ."

ಮರುದಿನ ಮಧ್ಯಾಹ್ನ ಅಪ್ಪ ಮಗ ಊಟಕ್ಕೆ ಕೂತಾಗ, ಗಂಡನ ತಟ್ಟೆಗೆ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಟ್ಟು, ಅವಳು ಹೇಳಿದಳು. ಕೆರೆ ನೀರಿನ ದಿನದ್ದನ್ನೂ ಸೇರಿಸಿ ಹೇಳಿದಳು. ಮುದ್ದೆ ಮುರಿಯುತ್ತಿದ್ದ ಪಟೇಲರ ಕೈ ನಿಂತಿತು.

"ಆರು ಜನಾನಾ?"

"ಹೂಂ."

"ಎಲ್ಲಪ್ಪ ಇದ್ನಾ?"

"ಹೆಸರು ಹೇಳಲ್ಲ."

"ನನ್ನ ಮನೇಲಿ ಇದ್ಕೊಂಡು ನನಗೇ ಹೇಳಲ್ವಾ? ಇಪ್ಪತ್ತೆರಡು ವರ್ಷ ಬಚ್ಚಿಟ್ಟಿದ್ಯಲ್ಲೇ!"

"ಬಚ್ಚಿಡ್ಲಿಲ್ಲ. ಗುಡಿಸಿ ಹಾಕ್ದೆ. ನೀವು ಯಾವತ್ತು ಕೇಳಿದ್ರಿ?"

ಪಟೇಲರು ತಲೆ ಬಗ್ಗಿಸಿ ಊಟ ಮುಗಿಸಿದರು. ಮಜ್ಜಿಗೆ ಬೇಡವೆಂದು ಕೈ ಅಡ್ಡ ಹಿಡಿದರು. ಎದ್ದು ಕೈ ತೊಳೆದು ಬಂದು, ಹೆಂಡತಿಯ ಕಡೆ ನೋಡದೆ ಮಗನಿಗೆ ಹೇಳಿದರು:

"ಸಾಕ್ಷಿ ಅಂದ್ಮೇಲೆ ಪೂರ್ತಿ ಹೆಸರು ಹಾಕ್ಬೇಕು ಕಣೋ. ಪಟೇಲ ವೆಂಕಟರಾಯಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಅಂತ ಬರಿ. ಬರೀ ರಾಮಲಕ್ಷ್ಮಮ್ಮ ಅಂದ್ರೆ ನಿನ್ನ ಮೇಷ್ಟ್ರು ಕೇಳಲ್ವಾ, ಯಾವ ರಾಮಲಕ್ಷ್ಮಮ್ಮ ಅಂತ?"

ಕದಿರೇಶ ಹಾಗೆಯೇ ಬರೆದ. ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೋಗಿ ಪ್ರಬಂಧದ ಕಟ್ಟನ್ನು ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಬಂದ.

ಎರಡು ದಿನ ಪಟೇಲರು ಹೆಂಡತಿಯೊಡನೆ ಮಾತಾಡಲಿಲ್ಲ. ಮೂರನೆಯ ದಿನ ಹೊಲದಿಂದ ಬಂದವರು ಬಾಗಿಲಲ್ಲೇ ನಿಂತು, "ಮೈಸೂರಿಂದ ಏನಾದ್ರೂ ಬಂತಾ?" ಎಂದು ಕೇಳಿದರು.

"ಕಳ್ಸಿದ ಕಟ್ಟೇ ಇವತ್ತಿಗೆ ಅಲ್ಲಿಗೆ ಮುಟ್ಟಿದ್ರೆ ಹೆಚ್ಚು," ಎಂದಳು ರಾಮಲಕ್ಷ್ಮಮ್ಮ.