ಟಗರಿನ ಬೆನ್ನಿಗೆ ಹಚ್ಚಿದ ಕ್ರೀಮು

ಸಿದ್ದಾಪುರದ ಓಬಯ್ಯನಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಅನ್ನುವುದು ಊರಿಗೇ ಗೊತ್ತು. ನಾಲ್ಕು ಜನ ನಕ್ಕರೆ ಸಾಕು ಅವನಿಗೆ. ಯಾರ ಮನಸ್ಸು ನೊಂದಿತು ಅಂತ ತಿರುಗಿ ನೋಡಿದವನೇ ಅಲ್ಲ, ಮೊಳಕಾಲ್ಮೂರಿಗೆ ಸೀರೆ ತರಲು ಹೋದ ಆ ದಿನದವರೆಗೂ.

ಮಗಳು ನಿರ್ಮಲಾಳ ಮದುವೆಯ ಸೀರೆಗೆಂದು ಓಬಯ್ಯ, ಹೆಂಡತಿ ಗಂಗಲಕ್ಷ್ಮಿ ಇಬ್ಬರೇ ಹೋಗಿದ್ದರು. ಓಬಯ್ಯ ಮೀಸೆಗೂ ತಲೆಗೂ ಬಣ್ಣ ಹಚ್ಚಿಸಿಕೊಂಡು ತಾನೇ ಮದುಮಗನಂತೆ ಮಿಂಚುತ್ತಿದ್ದ. ಮಗಳ ಸೀರೆ ಆರಿಸಿದ್ದಾಯಿತು. ಆಮೇಲೆ ಮಗ್ಗದ ಮನೆಯ ಕೊಟ್ರಮ್ಮ ಸಣ್ಣ ಅಂಚಿನ ಬೂದು ಸೀರೆಯೊಂದನ್ನು ಗಂಗಲಕ್ಷ್ಮಿಯ ಮುಂದೆ ಬಿಚ್ಚಿ, ಓಬಯ್ಯನ ಕಡೆ ತಿರುಗಿ, "ನಿಮ್ಮ ಅವ್ವಂಗೆ ಇದು ಒಪ್ತೈತೆ ನೋಡ್ರಿ" ಅಂದಳು.

ಗಂಗಲಕ್ಷ್ಮಿ ಓಬಯ್ಯನಿಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವ್ವ ಅಲ್ಲ, ಹೆಂಡತಿ ಅಂತ ಅವನು ಹೇಳುವಷ್ಟರಲ್ಲಿ ಅವಳೇ ತಲೆ ಎತ್ತದೆ, ಇದೇ ಇರಲಿ ಅಂದುಬಿಟ್ಟಳು. ಅವನು ಗಿಳಿಹಸಿರಿನದೊಂದನ್ನು ಎಳೆದು ಅವಳ ಕೈಮೇಲೆ ಹಾಕಿದ. ಅವಳು ಬಳೆ ಮೇಲೆ ಸರಿಸಿಕೊಂಡು ಅದನ್ನು ಮಡಚಿಟ್ಟಳು. ಬಳೆಯ ಅಡಿಯ ಚರ್ಮ ಇನ್ನೂ ಅರಿಸಿನದ ಬಣ್ಣಕ್ಕೆ ನುಣ್ಣಗಿತ್ತು. ಸುತ್ತ ಕಪ್ಪು ಕಲೆ, ಸುಕ್ಕು. ಮದುವೆಯಾದಾಗ ಅವಳ ಮುಖವೂ ಅದೇ ಬಣ್ಣದ್ದಾಗಿತ್ತು.

ಇಪ್ಪತ್ತೈದು ವರ್ಷ ಬೋಳು ಗುಡ್ಡದ ಬಿಸಿಲಲ್ಲಿ ಕುರಿ ಹಿಂದೆ ತಿರುಗಿದವಳು ಅವಳು. ಅವನದು ಚಳ್ಳಕೆರೆ ಸಂತೆ, ವ್ಯಾಪಾರ, ಟೀ ಅಂಗಡಿಯ ನೆರಳು. ನಾಲ್ಕು ವರ್ಷದ ಹಿಂದೆ ಚಳ್ಳಕೆರೆಯ ಮೆಡಿಕಲ್ ಶಾಪಿಗೆ ಕೆಲಸಕ್ಕೆ ಸೇರಿದ ನಿರ್ಮಲಾ, ಅವ್ವನಿಗೆಂದು ಸನ್‌ಸ್ಕ್ರೀನ್ ಟ್ಯೂಬು ತಂದಿದ್ದಳು. ದಿನಾ ಮುಖಕ್ಕೆ, ಕೈಗೆ ಹಚ್ಚಿಕೋ, ಬಿಸಿಲಿಗೆ ಚರ್ಮ ಬೇಗ ಮುಪ್ಪಾಗುತ್ತದೆ ಅಂತ ಹೇಳಿಕೊಟ್ಟಿದ್ದಳು. ಗಂಗಲಕ್ಷ್ಮಿ ಎಂಟು ದಿನ ಹಚ್ಚಿಕೊಂಡಳು. ಒಂಬತ್ತನೆಯ ದಿನ ಕಟ್ಟೆಯ ಮೇಲಿನ ಗಂಡಸರ ಮುಂದೆ ಓಬಯ್ಯ, "ನೋಡ್ರಲೇ, ನಮ್ಮ ಹೀರೋಯಿನ್ ಶೂಟಿಂಗಿಗೆ ಹೊಂಟಾಳೆ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕುರಿ ಹೊಡೆದುಕೊಂಡು ಹೋದಳು. ಆಮೇಲೆ ಟ್ಯೂಬು ಮುಟ್ಟಲಿಲ್ಲ. ಮಗಳು ಕೇಳಿದರೆ ಉರಿಯುತ್ತದೆ ಅಂತ ಸುಳ್ಳು ಹೇಳಿದಳು.

ಅಲ್ಲಿಗಾದರೂ ಬಿಟ್ಟನೇ? ಆ ಬೇಸಗೆ ಉಣ್ಣೆ ಕತ್ತರಿಸಿದ ಮೇಲೆ, ಮಾರಲು ಇಟ್ಟಿದ್ದ ಬಿಳಿ ಟಗರಿನ ಬೆನ್ನು ಬಿಸಿಲಿಗೆ ಕೆಂಪಾಯಿತು. ಈ ಪುಣ್ಯಾತ್ಮ ಗೋಡೆಯ ಗೂಡಿನಲ್ಲಿದ್ದ ಟ್ಯೂಬು ತಂದು, ಹೆಂಡತಿಯ ಕಣ್ಣೆದುರೇ, ನಯವಾಗಿ ತೀಡಿ ತೀಡಿ, ಖಾಲಿಯಾಗುವತನಕ ಟಗರಿಗೆ ಹಚ್ಚಿದ.

ಅದೆಲ್ಲ ಈಗ ಮಗ್ಗದ ಮನೆಯಲ್ಲಿ ಕೂತ ಓಬಯ್ಯನಿಗೆ ಒಂದೊಂದಾಗಿ ನೆನಪಾಗಿ ಚುಚ್ಚತೊಡಗಿತು. ಬೂದು ಸೀರೆಯನ್ನೇ ತೆಗೆದುಕೊಂಡು ಇಬ್ಬರೂ ಊರಿಗೆ ಬಂದರು. ಮಾರನೆಯ ದಿನ ಓಬಯ್ಯ ಚಳ್ಳಕೆರೆಗೆ ಹೋದ. ಮಗಳ ಅಂಗಡಿಗೆ ಹೋಗಲು ಮುಖವಿಲ್ಲದೆ ಬೇರೆ ಕಡೆ ಅದೇ ಕ್ರೀಮು ಕೇಳಿದ. ಆಗಿರುವ ಸುಕ್ಕು ಇದರಿಂದ ಹೋಗುತ್ತದಾ ಅಂತಲೂ ಕೇಳಿದ. ಇದು ಮುಂದೆ ಆಗುವುದನ್ನು ತಡೆಯಲು, ಹಳೆಯದಕ್ಕಲ್ಲ ಅಂದರು ಅಂಗಡಿಯವರು. ಆದರೂ ತಂದ.

ಗಂಗಲಕ್ಷ್ಮಿ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಣಕ ಇರಲಿಲ್ಲ ಅವಳ ದನಿಯಲ್ಲಿ.

"ಟಗರು ಮಾರಿ ನಾಕು ವರ್ಷ ಆತಲ್ಲ. ಈಗ ಯಾವುದಕ್ಕಂತ ತಂದಿದ್ದೀಯ?"